ಗಣಕಯಂತ್ರದೊಳಗಿನ ಅಪರಿಚಿತರು

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಊರುಗಳಲ್ಲಿಯೂ ಇಂದು ಗಣಕಯಂತ್ರವುಳ್ಳ ಮನೆಗಳು ಅಪರೂಪವೇನಲ್ಲ. ಮಕ್ಕಳ ಓದು, ತೋಟದ ಲೆಕ್ಕ, ಪಹಣಿ ನೋಡುವುದು, ಬ್ಯಾಂಕಿನ ವ್ಯವಹಾರ ಎಲ್ಲವೂ ಅದೊಂದರಲ್ಲಿಯೇ ನಡೆಯುತ್ತವೆ. ಕೊಂಡು ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಯಂತ್ರವು ಮಂದವಾಗುತ್ತದೆ. ಯಾರೂ ಮುಟ್ಟದಿದ್ದರೂ ಒಳಗಿನ ಫ್ಯಾನು ಭರ್ರೆಂದು ತಿರುಗತೊಡಗುತ್ತದೆ. ನಾವು ತೆರೆಯದ ತಂತ್ರಾಂಶಗಳು ಹಿನ್ನೆಲೆಯಲ್ಲಿ ಕೆಲಸ ಮಾಡುತ್ತಿರುವುದರ ಲಕ್ಷಣವಿದು. ಅವು ಯಾರವು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕಳುಹಿಸಬೇಕು ಎಂಬುದನ್ನು ಮನೆಯವರೇ ತಿಳಿಯುವುದು ಸಾಧ್ಯ.

ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆ ಕ್ಷಣದಲ್ಲಿ ನಡೆಯುತ್ತಿರುವ ಸಕಲವೂ ಅಲ್ಲಿ ಪಟ್ಟಿಯಾಗಿರುತ್ತದೆ. ಮೊದಲ ಸಲ ನೋಡಿದವರಿಗೆ ದಿಗಿಲಾಗುವುದು ಸಹಜ. ಎಸ್‌ವಿಸಿಹೋಸ್ಟ್ ಎಂಬ ಒಂದೇ ಹೆಸರು ಹತ್ತಾರು ಬಾರಿ ಕಾಣಿಸುತ್ತದೆ. ಇದು ರೋಗವಲ್ಲ. ಯಂತ್ರದ ಒಳಸೇವೆಗಳನ್ನು ನಡೆಸುವ ವಿಂಡೋಸಿನದೇ ಕೆಲಸಗಾರನದು. 2017ರ ಆವೃತ್ತಿಯಿಂದ ಈಚೆಗೆ, ಮೂರೂವರೆ ಜಿ.ಬಿ.ಗಿಂತ ಹೆಚ್ಚು ನೆನಪಿನ ಶಕ್ತಿಯುಳ್ಳ ಯಂತ್ರಗಳಲ್ಲಿ ಬಹುಪಾಲು ಸೇವೆಗಳಿಗೆ ಬೇರೆ ಬೇರೆ ಎಸ್‌ವಿಸಿಹೋಸ್ಟ್ ಇಡುವ ಏರ್ಪಾಡಾದುದರಿಂದ ಅದರ ಸಂಖ್ಯೆ ಬೆಳೆಯಿತು.

ಹೆಸರು ಪರಿಚಯವಿಲ್ಲವೆಂದು ಅಳಿಸಲು ಹೊರಟರೆ ಏನಾಗುವುದೆಂಬುದಕ್ಕೆ 2002ರ ಒಂದು ಪ್ರಸಂಗವಿದೆ. ಕರಡಿ ಮರಿಯ ಚಿತ್ರವಿರುವ ಕಡತವೊಂದು ನಿಮ್ಮ ಯಂತ್ರದಲ್ಲಿದ್ದರೆ ಅದು ವೈರಸ್, ಕೂಡಲೇ ಅಳಿಸಿರಿ, ಸ್ನೇಹಿತರಿಗೂ ತಿಳಿಸಿರಿ ಎಂಬ ಮಿಂಚಂಚೆ ಲೋಕವನ್ನೆಲ್ಲ ಸುತ್ತಿತು. ಹುಡುಕಿದವರಿಗೆ ಕರಡಿ ಮರಿ ಸಿಕ್ಕಿಯೂ ಸಿಕ್ಕಿತು. ಅದು ವಿಂಡೋಸಿನೊಡನೆಯೇ ಬಂದಿದ್ದ ನಿರುಪದ್ರವಿ ಕಡತ. ವೈರಸ್ ಇಲ್ಲದೆಯೇ ಜನ ತಮ್ಮ ಯಂತ್ರದ ಭಾಗವನ್ನು ತಾವೇ ಕಿತ್ತೆಸೆದರು.

ನಮ್ಮ ಹಳ್ಳಿಗಳಲ್ಲಿ ಅಪರಿಚಿತರು ಜಗಲಿಯ ಮೇಲೆ ಕುಳಿತಿದ್ದರೆ ಗದರಿಸಿ ಎಬ್ಬಿಸುವ ಮೊದಲು ಯಾವ ಊರು, ಯಾರ ಕಡೆಯವರು ಎಂದು ಕೇಳುವುದುಂಟು. ಇಲ್ಲಿಯೂ ಆ ಎರಡು ಪ್ರಶ್ನೆಗಳೇ ಸಾಕು. ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಓಪನ್ ಫೈಲ್ ಲೊಕೇಶನ್ ಎಂದರೆ ಕಡತದ ಊರು ತಿಳಿಯುತ್ತದೆ. ನಿಜವಾದ ಎಸ್‌ವಿಸಿಹೋಸ್ಟ್ ವಿಂಡೋಸ್ ಕೋಶದೊಳಗಿನ ಸಿಸ್ಟಮ್ 32ರಲ್ಲಿ ಇರುತ್ತದೆ. ಅದೇ ಹೆಸರಿನದು, ಅಥವಾ ಒಂದಕ್ಷರ ಹಿಂದುಮುಂದಾದ ಹೆಸರಿನದು, ಟೆಂಪ್ ಕೋಶದಿಂದಲೋ ಡೌನ್‌ಲೋಡ್ಸ್ ಕೋಶದಿಂದಲೋ ನಡೆಯುತ್ತಿದ್ದರೆ ವೇಷಧಾರಿಯೆಂದೇ ಅನುಮಾನಿಸಬೇಕು. ಅದೇ ಕಡತದ ಪ್ರಾಪರ್ಟೀಸ್ ತೆರೆದರೆ ಡಿಜಿಟಲ್ ಸಹಿಯಿಂದ ಯಾರ ಕಡೆಯದೆಂದು ತಿಳಿದೀತು. ಸಹಿಯಿಲ್ಲದ ಮಾತ್ರಕ್ಕೆ ಕಳ್ಳನೆನ್ನಲಾಗದು. ಸಣ್ಣ ಸಂಸ್ಥೆಗಳ ಎಷ್ಟೋ ಒಳ್ಳೆಯ ತಂತ್ರಾಂಶಗಳಿಗೆ ಸಹಿ ಇರುವುದಿಲ್ಲ.

ಕನ್ನಡಿಗರ ಮನೆಗಳಲ್ಲಿ ಈ ವಿವೇಚನೆ ಇನ್ನೂ ಅಗತ್ಯ. ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಹೊರಬಂದ ‘ಬರಹ’ ಮುಂತಾದವು ಹಿನ್ನೆಲೆಯಲ್ಲಿದ್ದು, ನಾವು ಒತ್ತಿದ ಕೀಲಿಗಳನ್ನು ಗಮನಿಸಿ ಕನ್ನಡ ಅಕ್ಷರಗಳನ್ನು ಮೂಡಿಸುತ್ತವೆ. ಗುಪ್ತಪದ ಕದಿಯುವ ದುಷ್ಟ ತಂತ್ರಾಂಶವೂ ಕೀಲಿಗಳನ್ನೇ ಗಮನಿಸುತ್ತದೆ. ಕೆಲಸದ ಬಗೆ ಹತ್ತಿರದ್ದು, ಉದ್ದೇಶ ಬೇರೆ. ವಿಚಾರಿಸದೆ ತೆಗೆದುಹಾಕಿದರೆ ಮರುದಿನ ಅಜ್ಜನವರ ಪತ್ರಕ್ಕೆ ಕನ್ನಡ ಅಕ್ಷರವೇ ಮೂಡದು.

ನಾವು ಹೆಚ್ಚಾಗಿ ಅಂಜಬೇಕಾದುದು ದೂರದಿಂದ ಯಂತ್ರವನ್ನು ನಡೆಸಲು ಬಿಡುವ ತಂತ್ರಾಂಶಗಳಿಗೆ. ಎನಿಡೆಸ್ಕ್, ಟೀಮ್‌ವ್ಯೂವರ್ ಮೊದಲಾದವು ಪ್ರಾಮಾಣಿಕ ಉಪಕರಣಗಳೇ. ದುರಸ್ತಿಗಾರರು ಅವನ್ನು ಬಳಸುತ್ತಾರೆ. ಆದರೆ ಬ್ಯಾಂಕಿನವರೆಂದು ದೂರವಾಣಿ ಮಾಡುವ ವಂಚಕರೂ ಇವನ್ನೇ ಹಾಕಿಸುತ್ತಾರೆ. ಎನಿಡೆಸ್ಕ್ ಮೂಲಕ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲಿಯೇ ಎಚ್ಚರಿಕೆ ನೀಡಿತ್ತು. ಇದಕ್ಕೆ ಸಹಿಯೂ ಸರಿಯಾಗಿರುತ್ತದೆ, ಊರೂ ಸರಿಯಾಗಿರುತ್ತದೆ, ವೈರಸ್ ಪರೀಕ್ಷೆಯಲ್ಲಿ ದೋಷ ಕಾಣದೆಯೂ ಹೋಗಬಹುದು. ಆದುದರಿಂದ ಮೂರನೆಯ ಪ್ರಶ್ನೆಯೊಂದನ್ನು ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಬೇಕು: ಇದನ್ನು ಹಾಕಿದವರು ಯಾರು? ಹಿರಿಯರಾಗಲಿ ಮಕ್ಕಳಾಗಲಿ ಬೈಗುಳಕ್ಕೆ ಹೆದರಿ ಬಾಯಿ ಬಿಡದಿದ್ದರೆ ಯಾವ ತಂತ್ರಜ್ಞಾನವೂ ನೆರವಿಗೆ ಬಾರದು.

ತೆಗೆಯುವ ಕ್ರಮದಲ್ಲಿ ಆತುರ ಸಲ್ಲದು. ಎಂಡ್ ಟಾಸ್ಕ್ ಒತ್ತುವುದು ಆ ಹೊತ್ತಿನ ಶಮನ ಮಾತ್ರ. ಯಂತ್ರ ಮತ್ತೆ ಹೊತ್ತಿಕೊಂಡಾಗ ಅದು ಮರಳಿ ಬರಬಹುದು. ಬರಿಯ ಅನಗತ್ಯವೆನಿಸಿದುದನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ಡಿಸೇಬಲ್ ಮಾಡಿ ಒಂದು ವಾರ ನೋಡುವುದು ಲೇಸು. ತೊಂದರೆಯಾದರೆ ಮತ್ತೆ ಚಾಲನೆ ಕೊಡಬಹುದು. ಬೇಡವೆಂದು ಖಚಿತವಾದ ಮೇಲೆ ಸೆಟ್ಟಿಂಗ್ಸಿನ ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಬೇಕು. ಕಡತವನ್ನು ನೇರವಾಗಿ ಅಳಿಸಬಾರದು. ತೆಗೆದರೂ ಮರಳುವಂತಹುದಕ್ಕೆ ವಿಂಡೋಸ್ ಸೆಕ್ಯೂರಿಟಿಯ ಆಫ್‌ಲೈನ್ ಸ್ಕ್ಯಾನ್ ಉಂಟು. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಶೋಧಿಸುವುದರಿಂದ ಅಡಗಿಕೊಳ್ಳುವ ಅವಕಾಶ ಕಡಿಮೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಿಂದಲೂ ಶುದ್ಧಿ ಉಪಕರಣಗಳು ಉಚಿತವಾಗಿ ದೊರೆಯುತ್ತವೆ. ಪರದೆಯ ಮೇಲೆ ತಾನಾಗಿ ಎದ್ದು ‘ಈ ಸಂಖ್ಯೆಗೆ ಕರೆ ಮಾಡಿ’ ಎನ್ನುವ ಎಚ್ಚರಿಕೆಗಳನ್ನು ಮಾತ್ರ ನಂಬಬಾರದು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಕೊಡುವುದೇ ಇಲ್ಲ.

ಯಾರೋ ದೂರದಿಂದ ಯಂತ್ರ ಹೊಕ್ಕಿರುವರೆಂಬ ಅನುಮಾನ ಬಂದಾಗ ವಾರ ಕಾಯುವ ಮಾತಿಲ್ಲ. ಮೊದಲು ಅಂತರಜಾಲದ ಸಂಪರ್ಕವನ್ನು ಕಡಿಯಬೇಕು. ಬೇರೊಂದು ಯಂತ್ರದಿಂದ ಬ್ಯಾಂಕಿನ ಗುಪ್ತಪದವನ್ನು ಬದಲಿಸಬೇಕು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ ದೂರು ಬರೆಯಿಸಬೇಕು. ಹಣವು ಮತ್ತೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಆಗ ಅವಕಾಶವಿರುತ್ತದೆ. ಹೆಸರು, ಸಮಯ, ಬಂದ ಕರೆಯ ಸಂಖ್ಯೆ ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಪೊಲೀಸರು ನೋಡುವವರೆಗೆ ಆ ತಂತ್ರಾಂಶವನ್ನು ಯಂತ್ರದಿಂದ ಅಳಿಸದೆ ಹಾಗೆಯೇ ಬಿಡಬೇಕು.