ಅರಿಯದೆ ಒಡಲು ಸೇರುವ ಗೋಧಿ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ಹಿರಿಯರು ಬಿಟ್ಟುಹೋದ ಗಾದೆ. ಮಿತವಾಗಿ, ಹಿತವಾಗಿ, ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂಬುದು ಅದರ ಸಾಮಾನ್ಯ ಅರ್ಥ. ಆದರೆ ಕೆಲವರ ಪಾಲಿಗೆ ಊಟವನ್ನು ಬಲ್ಲುದೆಂದರೆ ಇದಕ್ಕಿಂತ ಬಹಳ ಹೆಚ್ಚಿನದು. ಸಾರಿನ ಒಗ್ಗರಣೆಗೆ ಯಾವ ಇಂಗು ಬಿದ್ದಿದೆ, ದೋಸೆ ಹುಯ್ದ ಕಾವಲಿಯ ಮೇಲೆ ಅದಕ್ಕೆ ಮುಂಚೆ ಏನು ಬೆಂದಿತ್ತು, ಅಕ್ಕಿಹಿಟ್ಟು ಯಾವ ಗಿರಣಿಯಿಂದ ಬಂದಿತು ಎಂಬಿಷ್ಟನ್ನೂ ಅರಿತುಕೊಂಡ ಮೇಲೆಯೇ ಅವರು ಮೊದಲ ತುತ್ತನ್ನೆತ್ತಬೇಕಾಗುತ್ತದೆ. ಸೀಲಿಯಾಕ್ ಎಂಬ ರೋಗವುಳ್ಳವರ ನಿತ್ಯದ ಪಾಡು ಇದು. ಗೋಧಿಯನ್ನು ಸಂಪೂರ್ಣವಾಗಿ ತ್ಯಜಿಸಿ ಬಾಳುವುದು ಒಂದು ಸಾಧನೆಯಾದರೆ, ಎಷ್ಟು ಎಚ್ಚರದಿಂದಿದ್ದರೂ ಒಮ್ಮೊಮ್ಮೆ ಅರಿಯದೆ ಒಡಲು ಸೇರಿಬಿಡುವ ಗೋಧಿಯನ್ನು ಎದುರಿಸುವುದು ಇನ್ನೊಂದು ಸಾಧನೆ. ಈ ಎರಡನೆಯ ವಿಷಯವನ್ನೇ ಇಲ್ಲಿ ಮುಖ್ಯವಾಗಿ ವಿವೇಚಿಸಲಾಗಿದೆ.

ರೋಗದ ಸ್ವರೂಪ

ನಾದಿದ ಗೋಧಿಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಕರಗಿ, ಕೊನೆಗೆ ರಬ್ಬರಿನಂತಹ ಜಿಗುಟಾದ ಉಂಡೆಯೊಂದು ಕೈಯಲ್ಲಿ ಉಳಿಯುತ್ತದೆ. ಇದೇ ಗ್ಲೂಟೆನ್ ಎಂಬ ಸಸಾರಜನಕ. ಚಪಾತಿ ಹರಿಯದಂತೆ ಲಟ್ಟಿಸಲು ಬರುವುದೂ, ಹೋಳಿಗೆಯ ಕಣಕ ಹಿಗ್ಗುವುದೂ, ಬ್ರೆಡ್ಡು ಉಬ್ಬುವುದೂ ಇದರ ಬಲದಿಂದಲೇ. ಬಾರ್ಲಿ ಎಂದು ಕರೆಯುವ ಜವೆಗೋಧಿಯಲ್ಲಿಯೂ, ಪಶ್ಚಿಮ ದೇಶಗಳಲ್ಲಿ ಬೆಳೆಯುವ ರೈ ಎಂಬ ಧಾನ್ಯದಲ್ಲಿಯೂ ಇದೇ ಜಾತಿಯ ಸಸಾರಜನಕವಿದೆ.

ಸೀಲಿಯಾಕ್ ರೋಗವುಳ್ಳವರ ಶರೀರವು ಗ್ಲೂಟೆನ್ನನ್ನು ಶತ್ರುವೆಂದು ಬಗೆಯುತ್ತದೆ. ಅದರ ಮೇಲೆ ಯುದ್ಧ ಹೂಡಿದ ರೋಗನಿರೋಧಕ ಶಕ್ತಿಯು ತನ್ನದೇ ಸಣ್ಣಕರುಳಿನ ಒಳಪದರವನ್ನು ಗಾಸಿಗೊಳಿಸುತ್ತದೆ. ಅಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತು ಆಹಾರದ ಸಾರವನ್ನು ಹೀರುವ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಪರಿಣಾಮವಾಗಿ ಉಂಡದ್ದು ಮೈಗೆ ಹತ್ತದು. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮೂಳೆಗಳ ದೌರ್ಬಲ್ಯ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಇವೆಲ್ಲ ಒಂದೊಂದಾಗಿ ತಲೆದೋರುತ್ತವೆ.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿಯೇ ಈ ವ್ಯಾಧಿಯನ್ನು ಸ್ಪಷ್ಟವಾಗಿ ವರ್ಣಿಸಿದ್ದರೂ, ಕಾರಣವನ್ನು ಎತ್ತಿ ತೋರಿಸಿದ ಕೀರ್ತಿ ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರದು. ಎರಡನೆಯ ಮಹಾಯುದ್ಧದ ಕಡೆಯಲ್ಲಿ, 1944-45ರ ಚಳಿಗಾಲದ ಕ್ಷಾಮದಲ್ಲಿ ಆ ದೇಶದ ಜನಕ್ಕೆ ಬ್ರೆಡ್ಡು ದುರ್ಲಭವಾಗಿದ್ದಾಗ ಈ ಮಕ್ಕಳು ಚೇತರಿಸಿಕೊಂಡದ್ದೂ, ಬ್ರೆಡ್ಡು ಮರಳಿ ಬಂದಾಗ ಮತ್ತೆ ಸೊರಗಿದ್ದೂ ಅವರಿಗೆ ಮೊದಲಿನಿಂದಲೂ ಇದ್ದ ಸಂದೇಹವನ್ನು ಬಲಪಡಿಸಿದವು. 1950ರಲ್ಲಿ ಅವರು ತಮ್ಮ ಪ್ರೌಢಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ವಿಶದಪಡಿಸಿದರು. ಅಂದಿನಿಂದ ಇಂದಿನವರೆಗೂ ಈ ರೋಗಕ್ಕೆ ನಿಶ್ಚಿತವಾದ ಚಿಕಿತ್ಸೆ ಒಂದೇ: ಆಜೀವ ಪಥ್ಯ.

ದಕ್ಷಿಣದವರಿಗೇಕೆ ಈ ಚಿಂತೆ?

ಇದು ಉತ್ತರದವರ ರೋಗ, ಅನ್ನ ಉಣ್ಣುವವರಿಗೆ ಇದರ ಗೊಡವೆಯಿಲ್ಲ ಎಂಬ ಭಾವನೆ ಅನೇಕರಲ್ಲಿದೆ. 2011ರಲ್ಲಿ ಪ್ರಕಟವಾದ ದೆಹಲಿ ಪ್ರದೇಶದ ಸಮೀಕ್ಷೆಯೊಂದು ಸುಮಾರು 96 ಮಂದಿಗೆ ಒಬ್ಬರಲ್ಲಿ ಈ ರೋಗವಿರುವುದನ್ನು ತೋರಿಸಿತು. 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ದೇಶದ ಮೂರು ಭಾಗಗಳ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಲಾಯಿತು. ರೋಗದ ಪ್ರಮಾಣವು ಉತ್ತರದಲ್ಲಿ ಶೇಕಡಾ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಕೇವಲ 0.10 ಎಂದು ಕಂಡುಬಂದಿತು. ಮೇಲುನೋಟಕ್ಕೆ ದಕ್ಷಿಣದವರು ಪಾರಾದಂತೆಯೇ ಸರಿ.

ಆದರೆ ಅದೇ ಅಧ್ಯಯನದ ಇನ್ನೆರಡು ಅಂಶಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಈ ರೋಗಕ್ಕೆ ಅವಕಾಶ ಮಾಡಿಕೊಡುವ ಆನುವಂಶಿಕ ಗುಣವು ಮೂರೂ ಭಾಗಗಳಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಜನರಲ್ಲಿತ್ತು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು 25 ಗ್ರಾಂ ಮಾತ್ರ. ಅಂದಮೇಲೆ ದಕ್ಷಿಣದವರನ್ನು ಕಾಯುತ್ತಿರುವುದು ರಕ್ತವಲ್ಲ, ಬಹುಶಃ ಅನ್ನ, ಮುದ್ದೆ, ರೊಟ್ಟಿಗಳೇ. ದೆಹಲಿ, ಪುಣೆ, ಮುಂಬಯಿಗಳಲ್ಲಿ ನೆಲೆಸಿ ಎರಡು ಹೊತ್ತೂ ಚಪಾತಿ, ನಡುವೆ ಬಿಸ್ಕತ್ತು, ಸಂಜೆಗೆ ಪಾವ್ ತಿನ್ನುವ ಹೊರನಾಡ ಕನ್ನಡಿಗರ ಮಕ್ಕಳು ಆ ಕಾವಲನ್ನು ದಾಟಿ ಬಂದಿದ್ದಾರೆ. ಹಾಗೆ ಬಂದವರಿಗೆಲ್ಲ ರೋಗ ಬರುತ್ತದೆಂದಲ್ಲ. ನೂರರಲ್ಲಿ ಕೆಲವೇ ಮಂದಿಗೆ ಬರುವ ಈ ವ್ಯಾಧಿಯನ್ನು 'ನಮಗಲ್ಲ' ಎಂದು ತಳ್ಳಿಹಾಕಬಾರದು ಎಂದಷ್ಟೇ ಇದರ ತಾತ್ಪರ್ಯ.

ಅನುಮಾನವಿದ್ದವರು ಒಂದು ಸಂಗತಿಯನ್ನು ಮರೆಯಕೂಡದು. ರಕ್ತಪರೀಕ್ಷೆಯನ್ನೂ, ಅಗತ್ಯಬಿದ್ದರೆ ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆಯನ್ನೂ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಯಾರದೋ ಮಾತು ಕೇಳಿ ಮೊದಲೇ ಗೋಧಿ ಬಿಟ್ಟರೆ ರೋಗವಿದ್ದೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು.

ಎಷ್ಟು ಅಂಶ ಹೆಚ್ಚು?

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಗ್ಲೂಟೆನ್ ಸೇರಿದರೆ ಹೆಚ್ಚಿನ ರೋಗಿಗಳ ಕರುಳಿಗೆ ಬಾಧೆಯಾಗದೆಂದು ತಜ್ಞರ ಅಭಿಪ್ರಾಯ. ದಿನವೂ 50 ಮಿಲಿಗ್ರಾಂ ಸೇರುತ್ತಿದ್ದರೆ ಮೂರು ತಿಂಗಳಲ್ಲಿ ಹಾನಿಯಾಗಬಹುದೆಂದು 2007ರ ಪ್ರಯೋಗವೊಂದು ತೋರಿಸಿದೆ. ಗೋಧಿಹಿಟ್ಟಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಗ್ಲೂಟೆನ್ ಎಂದು ಹಿಡಿದರೆ, 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಅದು 3,000 ಮಿಲಿಗ್ರಾಂ. ಅಂದರೆ ಒಂದು ಚಪಾತಿಯ ಮುನ್ನೂರನೆಯ ಒಂದು ಭಾಗವೇ ದಿನದ ಮಿತಿಯನ್ನು ಮುಟ್ಟುತ್ತದೆ. 'ಒಂದು ಚೂರು ತಿಂದರೆ ಏನಾಗುತ್ತದೆ?' ಎಂಬ ಉಪಚಾರದ ಮಾತಿಗೆ ಈ ಲೆಕ್ಕವೇ ಉತ್ತರ.

ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರದ ನಿಯಮದಂತೆ ಕಿಲೋ ಒಂದಕ್ಕೆ 20 ಮಿಲಿಗ್ರಾಂಗೆ ಮೀರದ ಆಹಾರವನ್ನು ಮಾತ್ರ 'ಗ್ಲೂಟೆನ್ ರಹಿತ' ಎಂದು ಮಾರಬಹುದು. ಅಂತಹ ಹಿಟ್ಟನ್ನು ದಿನಕ್ಕೆ 300 ಗ್ರಾಂ ತಿಂದರೂ ಸೇರುವುದು ಹೆಚ್ಚೆಂದರೆ 6 ಮಿಲಿಗ್ರಾಂ. ಚೀಟಿಯ ಮೇಲಿನ ಆ ಎರಡು ಪದಗಳಿಗೆ ಇಷ್ಟು ಬೆಲೆಯಿದೆ.

ಗೋಧಿಯ ಗುಪ್ತ ಪ್ರವೇಶ

ಚಪಾತಿ, ಪೂರಿ, ಬ್ರೆಡ್ಡುಗಳನ್ನು ಗುರುತಿಸುವುದು ಸುಲಭ. ಉಪ್ಪಿಟ್ಟು, ಕೇಸರಿಭಾತು, ರವೆ ಇಡ್ಲಿ, ಶ್ಯಾವಿಗೆ, ಚಿರೋಟಿ, ಹೋಳಿಗೆ, ಗೋಳಿಬಜೆ, ಮದ್ದೂರು ವಡೆ ಇವುಗಳಲ್ಲಿ ಗೋಧಿಯಿದೆಯೆಂಬುದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ರವೆಯನ್ನು ಬೇರೊಂದು ಧಾನ್ಯವೆಂದೇ ತಿಳಿದವರಿದ್ದಾರೆ. ನಿಪ್ಪಟ್ಟು, ಕೋಡುಬಳೆಗಳಿಗೂ ಕೆಲವರು ಮೈದಾ ಅಥವಾ ರವೆ ಬೆರೆಸುತ್ತಾರೆ. ಏಕಾದಶಿಯಂದು ಅನ್ನ ಬಿಟ್ಟು ಫಲಾಹಾರವೆಂದು ಮಾಡುವುದು ಹಲವು ಮನೆಗಳಲ್ಲಿ ಗೋಧಿರವೆಯ ಉಪ್ಪಿಟ್ಟನ್ನೇ. ಸತ್ಯನಾರಾಯಣ ಪೂಜೆಯ ಸಜ್ಜಿಗೆಯೂ, ದೆಹಲಿಯ ಗುರುದ್ವಾರಗಳ ಕಡಾ ಪ್ರಸಾದವೂ ಗೋಧಿಯವೇ.

ಇವೆಲ್ಲಕ್ಕಿಂತ ಗುಪ್ತವಾದುದು ಇಂಗು. ಅಂಗಡಿಯಲ್ಲಿ ದೊರೆಯುವುದು ಹೆಚ್ಚಾಗಿ ಶುದ್ಧ ಇಂಗಲ್ಲ. ಅಂಟಿನೊಡನೆ ಮೈದಾ ಅಥವಾ ಗೋಧಿಹಿಟ್ಟು ಬೆರೆಸಿ ಕಟ್ಟಿದ ಇಂಗು. ಕಾಲು ಗ್ರಾಂ ಇಂಗಿನಲ್ಲಿ ಅರ್ಧ ಮೈದಾ ಎಂದಿಟ್ಟುಕೊಂಡರೆ ಸುಮಾರು 12 ಮಿಲಿಗ್ರಾಂ ಗ್ಲೂಟೆನ್ ಪಾತ್ರೆಗೆ ಸೇರಿತು. ನಾಲ್ವರು ಹಂಚಿ ಉಂಡರೆ ತಲೆಗೆ 3 ಮಿಲಿಗ್ರಾಂ. ಒಂದು ಸಾರಿನಿಂದ ಆಪತ್ತಿಲ್ಲದಿರಬಹುದು. ಆದರೆ ಸಾರು, ಪಲ್ಯ, ಗೊಜ್ಜು, ಮಜ್ಜಿಗೆ, ಉಪ್ಪಿನಕಾಯಿ, ಚಟ್ನಿಪುಡಿ ಹೀಗೆ ಇಡೀ ಊಟಕ್ಕೇ ಇಂಗಿನ ಒಗ್ಗರಣೆ ಬಿದ್ದಾಗ ಬಿಡಿಬಿಡಿ ಮೊತ್ತಗಳು ಕೂಡಿ ಮಿತಿಯನ್ನು ಮೀರಬಲ್ಲವು. ಅಕ್ಕಿಹಿಟ್ಟು ಬೆರೆತ ಇಂಗನ್ನು ಹುಡುಕಿ ತರುವುದು ಕ್ಷೇಮ.

ಮೂರನೆಯ ದಾರಿ ಸಂಪರ್ಕದೋಷ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ, ರಾಗಿ, ಅಕ್ಕಿ ಬೀಸಿಕೊಡುವ ಗಿರಣಿ, ಪೂರಿ ಕರಿದ ಎಣ್ಣೆಯಲ್ಲೇ ಕರಿಯುವ ಉದ್ದಿನ ವಡೆ, ರವೆ ದೋಸೆಯ ಕಾವಲಿಯ ಮೇಲೆಯೇ ಹುಯ್ಯುವ ಸಾದಾ ದೋಸೆ, ಮನೆಯಲ್ಲಿ ಒಂದೇ ಜರಡಿ, ಒಂದೇ ಲಟ್ಟಣಿಗೆ ಇವು ಶುದ್ಧ ಆಹಾರವನ್ನೂ ಕೆಡಿಸುತ್ತವೆ. ಹೊರನಾಡಿನಲ್ಲಿ ಭಾಷೆಯ ತೊಡಕೂ ಸೇರುತ್ತದೆ. ಹಿಂದಿಯ ಸೂಜಿ, ದಲಿಯಾ ಎರಡೂ ಗೋಧಿಯವು. ಜೌ ಎಂದರೆ ಜವೆಗೋಧಿ. ಮರಾಠಿ ಥಾಲಿಪೀಠದ ಭಾಜಣಿಯಲ್ಲಿ ಗೋಧಿಯೂ ಇರಬಹುದು. ಮೆಕ್ಕೆಜೋಳದ ರೊಟ್ಟಿ ಹರಿಯದಿರಲೆಂದು ಗೋಧಿಹಿಟ್ಟು ಬೆರೆಸುವವರುಂಟು. ಗೋಬಿ ಮಂಚೂರಿಯ ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿಯಿದೆ.

ಸೇರಿದ ಮೇಲೆ ಮಾಡತಕ್ಕದ್ದೇನು?

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಎಂದೋ ಒಂದು ದಿನ ತಪ್ಪು ನಡೆದೇ ನಡೆಯುತ್ತದೆ. ಕೆಲವರಿಗೆ ಒಂದೆರಡು ಗಂಟೆಗಳಲ್ಲೇ ವಾಕರಿಕೆ, ವಾಂತಿ. ಕೆಲವರಿಗೆ ಆಮೇಲೆ ಹೊಟ್ಟೆನೋವು, ಉಬ್ಬರ, ಭೇದಿ, ತಲೆನೋವು, ಎದ್ದು ನಿಲ್ಲಲಾರದಂತಹ ಆಯಾಸ. ಇನ್ನು ಕೆಲವರಿಗೆ ಯಾವ ಲಕ್ಷಣವೂ ಇಲ್ಲ. ಹಾಗೆಂದು ಕರುಳಿಗೆ ಬಾಧೆಯಾಗಲಿಲ್ಲವೆಂದು ಅರ್ಥವಲ್ಲ.

ಮೊದಲನೆಯದಾಗಿ, ಗಾಬರಿಯಾಗಬಾರದು. ಒಂದು ಸಲದ ತಪ್ಪಿನಿಂದ ಕರುಳು ಶಾಶ್ವತವಾಗಿ ಕೆಡುವುದಿಲ್ಲ. ಪಥ್ಯಕ್ಕೆ ಮರಳಿದರೆ ಅದು ಮತ್ತೆ ಮಾಗುತ್ತದೆ. ಲಕ್ಷಣಗಳು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ.

ಎರಡನೆಯದಾಗಿ, ಹೊಟ್ಟೆ ಸೇರಿದ್ದನ್ನು ಹೊರಗೆ ತರಲು ಯತ್ನಿಸಬಾರದು. ಬೆರಳಿಟ್ಟು ವಾಂತಿ ಮಾಡಿಸುವುದು, ಹರಳೆಣ್ಣೆ ಕುಡಿಸುವುದು ನೀರಿನಂಶವನ್ನು ಕಳೆಯುವುದೇ ಹೊರತು ಉಪಕಾರ ಮಾಡದು. ಗ್ಲೂಟೆನ್ ಕರಗಿಸುವುದೆಂದು ಮಾರಾಟವಾಗುವ ಮಾತ್ರೆಗಳು ರೋಗಿಯನ್ನು ರಕ್ಷಿಸುತ್ತವೆಂಬುದು ಸಿದ್ಧಪಟ್ಟಿಲ್ಲ.

ಮೂರನೆಯದಾಗಿ, ನೀರು ಮತ್ತು ವಿಶ್ರಾಂತಿ. ವಾಂತಿಭೇದಿಯಿದ್ದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕಲಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಪುಡಿ ದೊರೆಯದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಹಸಿವಾದಂತೆ ಅಕ್ಕಿಗಂಜಿ, ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ಬಾಳೆಹಣ್ಣು. ಹಾಲು ಕೆಲವು ದಿನ ಕೆಲವರಿಗೆ ಒಗ್ಗದು; ಮಜ್ಜಿಗೆ ಅದಕ್ಕಿಂತ ಹಗುರ. ಕಾಯಿಲೆಯವರಿಗೆಂದು ರೂಢಿಯಾಗಿ ಕೊಡುವ ಬ್ರೆಡ್ಡು, ರಸ್ಕು, ಬಾರ್ಲಿ ನೀರು, ಮಾಲ್ಟಿನ ಪಾನೀಯ ಇವರ ಪಾಲಿಗೆ ಬೆಂಕಿಗೆ ತುಪ್ಪ ಸುರಿದಂತೆ.

ನಾಲ್ಕನೆಯದಾಗಿ, ವೈದ್ಯರ ಬಳಿಗೆ ಹೋಗಬೇಕಾದ ಸಮಯವನ್ನು ಅರಿತಿರಬೇಕು. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಅಥವಾ ತೀವ್ರವಾದ ಹೊಟ್ಟೆನೋವಿದ್ದರೆ ತಡಮಾಡಬಾರದು. ಚಿಕ್ಕ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇನ್ನೂ ಬೇಗ. ಎಲ್ಲ ಭೇದಿಯೂ ಗೋಧಿಯಿಂದಲೇ ಆದದ್ದಲ್ಲ, ಸೋಂಕೂ ಇರಬಹುದು. ತುಟಿ ಊದಿ ಉಸಿರು ಕಟ್ಟಿದರೆ ಅದು ಸೀಲಿಯಾಕ್ ಅಲ್ಲ, ಅಲರ್ಜಿ. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಐದನೆಯದಾಗಿ, ಸೋರಿಕೆಯನ್ನು ಕಂಡುಹಿಡಿಯಬೇಕು. ಲೆಕ್ಕದ ಪುಸ್ತಕದಂತೆ ದಿನಚರಿಯೊಂದರಲ್ಲಿ ತಾರೀಖು, ತಿಂದ ಪದಾರ್ಥ, ಸ್ಥಳ, ಎಷ್ಟು ಗಂಟೆಗಳ ಮೇಲೆ ಏನಾಯಿತು ಎಂಬುದನ್ನು ಬರೆದಿಟ್ಟರೆ ಎರಡು ಮೂರು ನಮೂದುಗಳಲ್ಲೇ ದೋಷಿ ಇಂಗಿನ ಡಬ್ಬಿಯೋ ಗಿರಣಿಯೋ ಬಯಲಾಗುತ್ತದೆ. ತಪ್ಪುಗಳು ಮರುಕಳಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಪದೇ ಪದೇ ನಡೆಯುವ ತಪ್ಪೇ ರಕ್ತಹೀನತೆಗೂ ಮೂಳೆಸವೆತಕ್ಕೂ, ಅಪರೂಪಕ್ಕೆ ಕರುಳಿನ ಅರ್ಬುದಕ್ಕೂ ದಾರಿ ಮಾಡುವುದು. 'ಹೇಗೂ ಇಂದು ಕೆಟ್ಟಿತು, ಇನ್ನೊಂದು ಹೋಳಿಗೆ ತಿನ್ನೋಣ' ಎಂಬ ಉದಾಸೀನ ಮಾತ್ರ ಎಂದಿಗೂ ಸಲ್ಲದು.

ಮಾತು ಬಲ್ಲವರಾಗಬೇಕು

ಈ ರೋಗದಲ್ಲಿ ಶರೀರಕ್ಕಿಂತ ಮನಸ್ಸಿಗೆ ಆಗುವ ಗಾಯ ಕೆಲವೊಮ್ಮೆ ಆಳವಾದುದು. ಮಗು ಗೆಳೆಯರ ಹುಟ್ಟುಹಬ್ಬದಲ್ಲಿ ಕೇಕು ತಿಂದು ಮನೆಯಲ್ಲಿ ಮುಚ್ಚಿಡುತ್ತದೆ. ಬೈದರೆ ಮುಂದಿನ ಸಲ ಇನ್ನೂ ಮುಚ್ಚಿಡುತ್ತದೆ. ತಾಯಿ ತನ್ನ ಅಜಾಗರೂಕತೆಯೇ ಕಾರಣವೆಂದು ಕೊರಗುತ್ತಾಳೆ. ಮದುವೆಗೆ ಬಂದ ಮಗಳ ರೋಗವನ್ನು ಬೀಗರಿಗೆ ಹೇಳದೆ ಕಳುಹಿಸಿದರೆ, ಹೊಸ ಮನೆಯಲ್ಲಿ ಸಂಕೋಚದಿಂದ ಬಡಿಸಿದ್ದನ್ನೆಲ್ಲ ಉಂಡು ಸವೆಯುವವಳು ಅವಳೇ. ಪಥ್ಯದಲ್ಲಿದ್ದರೆ ಎಲ್ಲರಂತೆ ಆರೋಗ್ಯವಾಗಿ ಬಾಳಬಹುದಾದ ಸ್ಥಿತಿಯನ್ನು ಕಳಂಕವೆಂದು ಬಗೆಯುವುದು ಅನ್ಯಾಯ. ರೋಗಿಯ ಒಡಹುಟ್ಟಿದವರೂ ತಂದೆತಾಯಿಯರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ.

ಗಾದೆಯ ಎರಡನೆಯ ಪಾದ ಇಲ್ಲಿ ಉಪಯೋಗಕ್ಕೆ ಬರುತ್ತದೆ. 'ವೈದ್ಯರು ಗೋಧಿಯನ್ನು ಪೂರ್ತಿ ನಿಲ್ಲಿಸಿದ್ದಾರೆ, ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಡುತ್ತೇನೆ' ಎಂದು ವಿನಯದಿಂದ ಹೇಳಿದರೆ ಪ್ರಸಾದ ಕೊಟ್ಟ ಪುರೋಹಿತರೂ ನೊಂದುಕೊಳ್ಳಲಾರರು. ಹೋಟೆಲಿನಲ್ಲಿ ಗ್ಲೂಟೆನ್ ಎಂಬ ಪದಕ್ಕಿಂತ 'ಮೈದಾ, ರವೆ, ಗೋಧಿ ಒಂದು ಚಿಟಿಕೆಯೂ ಆಗದು' ಎಂದರೆ ಬೇಗ ಅರ್ಥವಾಗುತ್ತದೆ.

ಕನ್ನಡ ಸಂಘಗಳೂ ಈ ದಿಸೆಯಲ್ಲಿ ಒಂದು ಸಣ್ಣ ಕಾರ್ಯ ಮಾಡಬಹುದು. ಯುಗಾದಿ, ರಾಜ್ಯೋತ್ಸವಗಳ ಭೋಜನದಲ್ಲಿ ಯಾವ ಭಕ್ಷ್ಯದಲ್ಲಿ ಗೋಧಿಯಿದೆ ಎಂಬ ಚೀಟಿಯನ್ನು ಪಾತ್ರೆಯ ಮುಂದಿಡುವುದು, ಇಂಗಿನ ವಿಷಯವನ್ನು ಅಡಿಗೆಯವರಿಗೆ ಮೊದಲೇ ತಿಳಿಸುವುದು, ಹೋಳಿಗೆ ಬಡಿಸಿದ ಕೈಯಿಂದ ಚಿತ್ರಾನ್ನ ಬಡಿಸದಿರುವುದು, ಪಥ್ಯದವರಿಗೆ ಮೊದಲು ಬಡಿಸಿಬಿಡುವುದು. ಇದಕ್ಕೆ ಹಣದ ವೆಚ್ಚವಿಲ್ಲ. ಮನೆಯಿಂದ ಡಬ್ಬಿ ತಂದು ಮೂಲೆಯಲ್ಲಿ ಕುಳಿತು ಉಣ್ಣುವ ಒಬ್ಬ ಬಾಲಕನೋ ಗೃಹಿಣಿಯೋ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ನಿರ್ಭಯವಾಗಿ ಎಲೆಯ ಮುಂದೆ ಕೂರುವಂತಾದರೆ ಸಂಘದ ಸಹಭೋಜನಕ್ಕೆ ಆ ಹೆಸರು ಸಾರ್ಥಕವಾದೀತು.