ಮಗು ಬಾಯಿಗಿಡುವ ಬಣ್ಣ

ಬೆಂಗಳೂರು–ಮೈಸೂರು ಹಳೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಚನ್ನಪಟ್ಟಣದ ಬೊಂಬೆ ಕೊಳ್ಳುವವರು ಹೆಚ್ಚಾಗಿ ಆರಿಸುವುದು ಷೋಕೇಸಿಗೆ ಒಪ್ಪುವಂಥದ್ದನ್ನು. ಈ ಕಸುಬಿನ ಹದ ತಿಳಿಯಬೇಕಾದರೆ ಎಳೆಮಗುವಿರುವ ಮನೆಗೇ ಹೋಗಬೇಕು.

ತೊಟ್ಟಿಲಿಗೆ ಕಲಘಟಗಿ ಹೆಸರುವಾಸಿ. ತೊಟ್ಟಿಲಿಳಿದ ಮೇಲಿನ ಉಸ್ತುವಾರಿ ಚನ್ನಪಟ್ಟಣದ್ದು ಅನ್ನಿ. ಅಂಗಾತ ಮಲಗಿದ ಕೂಸಿಗೆ ಗಿಲಕಿ. ಸದ್ದು ಬಂದತ್ತ ಅದು ಕತ್ತು ಹೊರಳಿಸುತ್ತದೆ, ಆಮೇಲೆ ಹಿಡಿಯಲು ಮುಷ್ಟಿ ಚಾಚುತ್ತದೆ. ಕೂರಲು ಬಂದರೆ ಕಡ್ಡಿಗೆ ಪೋಣಿಸುವ ಬಣ್ಣದ ಬಳೆಗಳು. ಅಂಬೆಗಾಲಿಟ್ಟು ಹೊಸ್ತಿಲು ದಾಟಿತೆಂದು ಪೂಜೆ ಮಾಡಿ ಸಿಹಿ ಹಂಚಿದ ಮೇಲೆ ಮೂರು ಗಾಲಿಯ ನಡೆಗಾಡಿ.

ಇದನ್ನು ಪ್ಲಾಸ್ಟಿಕ್ ವಾಕರ್ ಸಾಲಿಗೆ ಸೇರಿಸಬೇಡಿ. ವಾಕರ್‌ನಲ್ಲಿ ಮಗು ಕೂತಲ್ಲೇ ಓಡುತ್ತದೆ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಭಯಕ್ಕೆ ಕೆನಡಾ 2004ರಲ್ಲಿ ಅದನ್ನು ನಿಷೇಧಿಸಿತು. ಮರದ ಗಾಡಿ ಮಗುವನ್ನು ಹೊರುವುದಿಲ್ಲ. ತಾನೇ ಎದ್ದು, ಅಡ್ಡಪಟ್ಟಿ ಹಿಡಿದು ತಳ್ಳಬೇಕು. ಕಾಲು ಸೋತರೆ ಅಲ್ಲೇ ಕುಕ್ಕರಿಸಬೇಕು. ಟೈಲ್ಸ್ ನೆಲದಲ್ಲಿ ಮಾತ್ರ ಗಾಡಿ ಮಗುವಿಗಿಂತ ಮುಂದೋಡುತ್ತದೆ, ದೊಡ್ಡವರ ಕೈ ಜೊತೆಗಿರಲೇಬೇಕು.

ಈ ಬೊಂಬೆ ಕಸುಬಿಗಾಗಿ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎನ್ನುವುದು ಊರಿನ ಮಾತು. ಕಳೆದ ಶತಮಾನದಲ್ಲಿ ಜಪಾನಿ ವಿಧಾನ ತಂದವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. ಮೂಲ ಸಾಮಗ್ರಿ ಆಲೆಮರ: ಬಿಳುಪು, ಮೃದು, ಒಣಗಿಸಿದರೆ ನಯವಾಗಿ ಕಡೆಯಲು ಬರುತ್ತದೆ. ಲೇತ್‌ನಲ್ಲಿ ಗರಗರ ತಿರುಗುವ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಸಾಕು, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕುಂಚ ಬೇಡ, ಆರಲು ಕಾಯಬೇಕಿಲ್ಲ. ಮೇಲೊಂದು ತಾಳೆಗರಿ ಹಿಡಿದರೆ ಬಣ್ಣ ಹರಡಿ ಮಿರುಗುತ್ತದೆ.

ಹಲ್ಲು ಬರುವ ಮಗುವಿಗೆ ಈ ಬಣ್ಣ ಬಾಯಿಗೇ. ಅರಿಸಿನದ ಹಳದಿ, ನೀಲಿಗಿಡದ ನೀಲಿಯಾದರೆ ಅಂಜಿಕೆಯಿಲ್ಲ. ಆದರೆ ಚನ್ನಪಟ್ಟಣದ ಹೆಸರಿನಲ್ಲಿ ಮಾರುವುದಕ್ಕೆಲ್ಲ ಗಿಡಮೂಲದ ಬಣ್ಣವೇ ಇರುವುದಿಲ್ಲ. ರಾಸಾಯನಿಕ ಬಣ್ಣವೂ ಬಳಕೆಯಲ್ಲಿದೆ. 2005–06ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ, ಪ್ರತಿ ಗಿಲಕಿಯ ಬಣ್ಣವನ್ನಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ಜಿಐ ಆಟಿಕೆಗಳಿಗೆ, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ದೊರೆಯಿತು. ಸಣ್ಣ ಕಸುಬಿಗೆ ಅದು ನ್ಯಾಯವೇ, ಆದರೆ ಪರೀಕ್ಷಿಸುವ ಹೊಣೆ ಕೊಳ್ಳುವವರ ಮೇಲೆ ಬೀಳುತ್ತದೆ. ಹಾಗಾಗಿ ಗಿಲಕಿ ಕೊಳ್ಳುವಾಗ ಬೆಲೆಗಿಂತ ಮೊದಲು ಬಣ್ಣ ಯಾವುದೆಂದು ವಿಚಾರಿಸಿ, ಬೆಸೆದ ಕಡೆ ಉಗುರಾಡಿಸಿ ನೋಡಿ, ಒಳಗಿನ ಮಣಿ ಹೊರಬರದಷ್ಟು ಬಿಗಿಯಿದೆಯೇ ಎಂದು.