ಗದ್ದಲ ಸಹಿಸದ ಕಿವಿಗೆ ಬ್ಲೂಸ್-ರಾಕ್ ಒಗ್ಗುತ್ತಾ?

ಪುಣೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಸಂಗೀತ, ಆದರೆ ಕೇಳೋರ ಕಿವಿ ಕಡೆಯಿಂದ. ಕುಕ್ಕರ್ ಸೀಟಿಗೆ ಬೆಚ್ಚಿಬೀಳೋರು, ಮಿಕ್ಸಿ ಹಾಕಿದ್ರೆ ಎದ್ದು ಬೇರೆ ರೂಮಿಗೆ ಹೋಗೋರು ಎಲ್ಲ ಮನೆಯಲ್ಲೂ ಒಬ್ಬರಾದ್ರೂ ಇರ್ತಾರೆ. ನಾನೂ ಅಂಥವನೇ. ನಮಗೆ ಸಿಗೋ ಬುದ್ಧಿವಾದ ಒಂದೇ: "ಈ ರಾಕ್ ಗೀಕ್ ಎಲ್ಲ ನಿನಗೆ ಆಗಲ್ಲ, ಬಿಡು." ಆದ್ರೆ ಶಬ್ದದಲ್ಲಿ ಯಾವ ಗುಣ ಚುಚ್ಚುತ್ತೆ ಅಂತ ತಿಳಿದುಕೊಂಡ್ರೆ, ಪೂರ್ತಿ ಬಿಡಬೇಕಾಗಿಲ್ಲ. ಆರಿಸಿಕೊಳ್ಳಬಹುದು.

ಡೆಸಿಬೆಲ್ ಎಲ್ಲವನ್ನೂ ಹೇಳಲ್ಲ

ಪುಣೆಯ ಗಣೇಶ ವಿಸರ್ಜನೆ ಮೆರವಣಿಗೆ ನೋಡಿದವರಿಗೆ ಲಕ್ಷ್ಮೀ ರಸ್ತೆ ಗೊತ್ತು. ಅಲ್ಲಿನ ಶಬ್ದವನ್ನು ಸಿಒಇಪಿ ವಿದ್ಯಾರ್ಥಿಗಳು ಪ್ರತಿವರ್ಷ ಅಳೀತಾರೆ. 2022 ಮತ್ತು 2023ರಲ್ಲಿ ಸರಾಸರಿ 100 ಡೆಸಿಬೆಲ್ ದಾಟಿತ್ತು. ವಸತಿ ಪ್ರದೇಶಕ್ಕೆ ನಮ್ಮ ಕಾನೂನು ಕೊಟ್ಟ ಮಿತಿ ಹಗಲು 55, ರಾತ್ರಿ 45. ಇಷ್ಟು ಜೋರಾದ್ರೆ ಯಾವ ಕಿವಿಗೂ ಒಳ್ಳೇದಲ್ಲ.

ಆದರೆ 70 ಡೆಸಿಬೆಲ್‌ನ ತಂಬೂರಿ ಹಿತವಾಗಿದ್ದು, ಅದೇ 70ರ ಎಲೆಕ್ಟ್ರಿಕ್ ಗಿಟಾರ್ ಹಲ್ಲು ಜುಮ್ಮೆನ್ನಿಸೋದು ಯಾಕೆ? ಮೊದಲ ಕಾರಣ ಕಂಪನಾಂಕ. ನಮ್ಮ ಕಿವಿಯ ನಾಳದ ಉದ್ದ, ಆಕಾರದಿಂದಾಗಿ 2,000ರಿಂದ 5,000 ಹರ್ಟ್ಸ್ ನಡುವಿನ ಶಬ್ದ ನಮಗೆ ಹೆಚ್ಚು ಜೋರಾಗಿ ಕೇಳುತ್ತೆ. ಮಗುವಿನ ಅಳು ಚುರುಕ್ ಅನ್ನೋದು ಅದಕ್ಕೇ. ಗಿಟಾರಿನ 'ಕಚ್ಚು', ಸಿಂಬಲ್‌ನ ಝಣತ್ಕಾರ ಎರಡಕ್ಕೂ ಅಲ್ಲಿ ಬಲ ಜಾಸ್ತಿ.

ಎರಡನೇದು ಒರಟುತನ. ಶಬ್ದದ ಮಟ್ಟ ಸೆಕೆಂಡಿಗೆ ಹತ್ತಾರು ಸಲ ಏರಿಳಿದ್ರೆ ಕಿವಿಗೆ ಗೊರಗೊರ ಅನ್ಸುತ್ತೆ. ಮನುಷ್ಯರ ಚೀತ್ಕಾರದಲ್ಲಿ ಈ ಏರಿಳಿತ 30ರಿಂದ 150 ಹರ್ಟ್ಸ್ ವೇಗದಲ್ಲಿರುತ್ತೆ. ಮೆದುಳು ಅದನ್ನು ಅಪಾಯದ ಸೂಚನೆ ಅಂತಲೇ ತಗೊಳ್ಳುತ್ತೆ.

ಹರಿದ ಸ್ಪೀಕರಿನ ಸಂತಾನ

1951ರ 'ರಾಕೆಟ್ 88' ರೆಕಾರ್ಡಿಂಗ್‌ಗೆ ಹೋಗುವಾಗ ಗಿಟಾರಿನ ಆಂಪ್ಲಿಫೈಯರ್ ಹಾಳಾಯ್ತು, ಸ್ಪೀಕರಿಗೆ ಕಾಗದ ತುರುಕಿ ನುಡಿಸಿದ್ರು ಅಂತ ಪ್ರಸಿದ್ಧ ಕಥೆ ಇದೆ. ಆ ಒಡಕು ದನಿಯನ್ನು ಜನ ಇಷ್ಟಪಟ್ಟರು. ಮುಂದೆ ಬ್ಲೂಸ್-ರಾಕ್‌ನ ಗುರುತೇ ಅದಾಯ್ತು. ಅದರ ಹೆಸರು ಡಿಸ್ಟಾರ್ಷನ್.

ನಡೆಯೋದಿಷ್ಟೇ: ಆಂಪ್ಲಿಫೈಯರಿಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟಾಗ ಅಲೆಯ ತುದಿ ಕತ್ತರಿಸಿಹೋಗುತ್ತೆ. ಆಗ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಕಂಪನಾಂಕಗಳು ಹೊಸದಾಗಿ ಹುಟ್ಟುತ್ತವೆ. ಹಳೇ ವಾಲ್ವ್ ಆಂಪ್ಲಿಫೈಯರ್ ತುದಿಯನ್ನು ದುಂಡಗೆ ಸವೆಸುತ್ತೆ. ಫಝ್ ಪೆಡಲ್ ಚಾಕುವಿನಲ್ಲಿ ಕೊಯ್ದ ಹಾಗೆ ಚಪ್ಪಟೆ ಮಾಡುತ್ತೆ, ಎತ್ತರದ ಕಂಪನಾಂಕಗಳು ರಾಶಿ ಬೀಳುತ್ತವೆ. ನಮ್ಮಂಥ ಕಿವಿಗೆ ಮೊದಲನೇದು ಬೆಚ್ಚಗೆ, ಎರಡನೇದು ಮುಳ್ಳು.

ಇನ್ನೊಂದು ಲೆಕ್ಕ ನೋಡಿ. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್‌ಗೆ ಹೋದ್ರೆ ಅವುಗಳ ವ್ಯತ್ಯಾಸದ ಕಂಪನಾಂಕವೂ ಹುಟ್ಟುತ್ತೆ. ಷಡ್ಜ 220, ಪಂಚಮ 330 ಇದ್ರೆ ವ್ಯತ್ಯಾಸ 110. ಅದು ಕೆಳಗಿನ ಷಡ್ಜವೇ, ಜಗಳ ಇಲ್ಲ. ಷಡ್ಜದ ಜೊತೆ ಗಿಟಾರಿನ ಗಾಂಧಾರ, ಅಂದ್ರೆ 277, ಇಟ್ರೆ ಸಿಗೋದು 57. ಷಡ್ಜ ಬೇಕಂದ್ರೆ 55 ಇರಬೇಕಿತ್ತು. ಆ ಎರಡರ ತಪ್ಪೇ ಗೊರಗೊರ. ರಾಕ್‌ನವರು ಸಾ-ಪ ಮಾತ್ರ ಇರೋ 'ಪವರ್ ಕಾರ್ಡ್' ಬಳಸೋಕೆ ಇದೂ ಒಂದು ಕಾರಣ. ಒಂದೊಂದೇ ಸ್ವರ ನುಡಿಸೋ ಲೀಡ್ ಗಿಟಾರಿನಲ್ಲಂತೂ ಈ ತಾಪತ್ರಯವೇ ಬರಲ್ಲ.

ಮುಂದೇನು ಬರುತ್ತೆ ಅಂತ ಗೊತ್ತಿರೋ ನೆಮ್ಮದಿ

ಕಿವಿ ಸೂಕ್ಷ್ಮ ಇರೋರಿಗೆ ಜೋರಿಗಿಂತ ದಿಢೀರ್ ಶಬ್ದದ ಕಾಟ ಹೆಚ್ಚು. ಇಲ್ಲಿ ಬ್ಲೂಸ್ ನಮ್ಮ ಪರ. ಅದರ ಚೌಕಟ್ಟು 12 ಬಾರ್, ಬಾರಿಗೆ ನಾಲ್ಕು ಪೆಟ್ಟು. ಸಾ, ಮ, ಪ ಮೂರೇ ತಂಗುದಾಣ. ನಿಮಿಷಕ್ಕೆ 120 ಪೆಟ್ಟಿದ್ರೆ 24 ಸೆಕೆಂಡಿಗೊಂದು ಸುತ್ತು, ನಮ್ಮ ಆವರ್ತನದ ಹಾಗೆ. ಎರಡು ಸುತ್ತು ಕೇಳಿದ್ರೆ ಮೂರನೇದು ಎಲ್ಲಿ ತಿರುಗುತ್ತೆ ಅಂತ ಮೈಗೇ ಗೊತ್ತಾಗುತ್ತೆ.

ಸ್ವರದಿಂದ ಸ್ವರಕ್ಕೆ ಜಾರೋದೂ ನಮಗೆ ಹೊಸದಲ್ಲ. ಗದಗದ ಭೀಮಸೇನ ಜೋಶಿಯವರು 1953ರಲ್ಲಿ ಇದೇ ಪುಣೆಯಲ್ಲಿ ಗುರುವಿನ ನೆನಪಿಗೆ ಸವಾಯಿ ಗಂಧರ್ವ ಉತ್ಸವ ಶುರುಮಾಡಿದ್ರು. ಅಲ್ಲಿ ಮೀಂಡ್ ಕೇಳಿ ತಲೆದೂಗಿದ ಕಿವಿಗೆ ತಂತಿ ಎಳೆದು ಬಗ್ಗಿಸೋ ಬ್ಲೂಸ್ ಗಿಟಾರ್ ಬೇಗ ಪರಿಚಯ ಆಗುತ್ತೆ.

ಎಲ್ಲಿಂದ ಶುರು ಮಾಡೋದು?

ಮೊದಲು ಫ್ಲೀಟ್‌ವುಡ್ ಮ್ಯಾಕ್‌ನ 'ಆಲ್ಬಟ್ರಾಸ್' (1968). ಹಾಡಿಲ್ಲ, ನಿಧಾನದ ಗಿಟಾರ್, ಮೆತ್ತನೆ ಡ್ರಮ್. ಆಮೇಲೆ ಬಿ.ಬಿ. ಕಿಂಗ್ ಅವರ 'ದ ಥ್ರಿಲ್ ಈಸ್ ಗಾನ್' (1969). ಒಂದೊಂದೇ ಸ್ವರ, ನಡುನಡುವೆ ಉಸಿರಾಡೋ ಜಾಗ. ಅದು ಒಗ್ಗಿದ್ಮೇಲೆ ಸ್ಟೀವಿ ರೇ ವಾನ್ ಅವರ 'ಟೆಕ್ಸಾಸ್ ಫ್ಲಡ್' (1983). ಕ್ರೀಮ್ ತಂಡದ ಲೈವ್ 'ಕ್ರಾಸ್‌ರೋಡ್ಸ್' (1968) ಕೊನೆಗೆ. ಅಲ್ಲಿ ಮೂವರೂ ಬಿಡುವಿಲ್ಲದೆ ನುಡಿಸ್ತಾರೆ.

ಫೋನಿನ ಈಕ್ವಲೈಜರ್‌ನಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಮೂರ್ನಾಲ್ಕು ಡೆಸಿಬೆಲ್ ಇಳಿಸಿ. ಒಂದೇ ಹಾಡಿನ ಎರಡು ಆವೃತ್ತಿ ಇದ್ರೆ ಎರಡನ್ನೂ ಕೇಳಿ. ಮರುಮಾಸ್ಟರ್ ಮಾಡುವಾಗ ಮೆಲುದನಿಯನ್ನೂ ಎತ್ತಿ ಎಲ್ಲ ಒಂದೇ ಮಟ್ಟಕ್ಕೆ ಒತ್ತಿದ್ರೆ ಕಿವಿಗೆ ವಿಶ್ರಾಂತಿ ಸಿಗಲ್ಲ.

ಲೈವ್‌ಗೆ ಹೋಗೋ ಆಸೆನಾ? ಎನ್‌ಎಚ್7 ವೀಕೆಂಡರ್ 2010ರಲ್ಲಿ ಶುರುವಾಗಿದ್ದೇ ನಮ್ಮೂರಲ್ಲಿ, ಆಸೆ ಆಗೋದು ಸಹಜ. ಸ್ಪೀಕರಿನ ನೇರಕ್ಕೆ ನಿಲ್ಲಬೇಡಿ, ಎತ್ತರದ ಕಂಪನಾಂಕಗಳು ಟಾರ್ಚ್ ಬೆಳಕಿನ ಹಾಗೆ ನೇರ ಬಡಿಯುತ್ತವೆ. ಸಂಗೀತಗಾರರ ಇಯರ್‌ಪ್ಲಗ್ ತಗೊಳ್ಳಿ. ಮಾಮೂಲಿ ಸ್ಪಂಜಿನದು ಎತ್ತರದ ದನಿಯನ್ನೇ ಹೆಚ್ಚು ನುಂಗಿ ಎಲ್ಲ ಮಬ್ಬು ಮಾಡುತ್ತೆ, ಇದು ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು, 100 ಆದ್ರೆ ಸುಮಾರು 20 ನಿಮಿಷ ಅಷ್ಟೇ.

ಒಂದು ಎಚ್ಚರಿಕೆ. ಮನೆಯಲ್ಲೂ ಇಡೀ ದಿನ ಇಯರ್‌ಪ್ಲಗ್ ಹಾಕ್ಕೊಂಡಿದ್ರೆ ಕಿವಿ ಇನ್ನಷ್ಟು ಸೂಕ್ಷ್ಮ ಆಗಬಹುದು. ಮಾಮೂಲಿ ಶಬ್ದಕ್ಕೂ ನೋವಾಗ್ತಿದ್ರೆ ಆಡಿಯಾಲಜಿಸ್ಟ್‌ಗೆ ತೋರಿಸಿ. ಕರ್ನಾಟಕದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯವರಿಗೂ ಒಂದು ಮಾತು: ಮಗು ಕಿವಿ ಮುಚ್ಕೊಂಡ್ರೆ "ನಾಟಕ" ಅನ್ನಬೇಡಿ. ಯಾವ ಶಬ್ದ ಚುಚ್ಚಿತು ಅಂತ ಕೇಳಿ, ಅದನ್ನು ತಗ್ಗಿಸಿ. ಉಳಿದ ಸಂಗೀತ ಅದಕ್ಕೂ ಸಿಗಲಿ.